ಹತ್ತು ದಾಟಿದ ಹಸುವನ್ನು ಇಟ್ಟುಕೊಳ್ಳಬೇಕೋ, ಮಾರಬೇಕೋ? ನೋಡಿ ತಿಳಿಯುವುದು ಹೀಗೆ

ಮಾಂಸದ ತಳಿಯ ಮಂದೆ ಸಾಕುವ ಕಡೆ ಒಂದು ರೂಢಿ ಇದೆ. ಹಸುವಿಗೆ ಹತ್ತು ವರ್ಷ ತುಂಬಿತೆಂದರೆ ಅದರ ಕಿವಿಯೋಲೆ ನಂಬರು ಮಾರಾಟದ ಪಟ್ಟಿ ಸೇರುತ್ತದೆ. ಆ ಜಾಗಕ್ಕೆ ಒಂದು ಕಡಸು ಬರುತ್ತದೆ. ನೋಡಲು ಸರಿಯಾಗಿಯೇ ಕಾಣುತ್ತದೆ. ಲೆಕ್ಕಕ್ಕೆ ಕೂತರೆ ಎಷ್ಟೋ ಸಲ ಇದು ಕೈಯಿಂದ ದುಡ್ಡು ಹೋಗುವ ವ್ಯವಹಾರ.

ತಾಯಿಯ ಹಾಲು ಬಿಡಿಸುವ ಹೊತ್ತಿಗೆ ಕರು ಎಷ್ಟು ತೂಗುತ್ತದೆ ಎನ್ನುವುದೇ ಈ ಕಸುಬಿನ ಅಳತೆ. ತಾಯಿಯ ವಯಸ್ಸಿನಿಂದ ಕರುವಿನ ತೂಕದಲ್ಲಿ ಆಗುವ ಕೊರತೆಯನ್ನು ಸರಿದೂಗಿಸಲು ಅಮೆರಿಕದ ಬೀಫ್ ಇಂಪ್ರೂವ್‌ಮೆಂಟ್ ಫೆಡರೇಷನ್ ಎಂಬ, ಮಾಂಸದ ತಳಿಗಳ ಸುಧಾರಣೆಯ ಒಕ್ಕೂಟದ ಕೋಷ್ಟಕವೊಂದು ಬಹುಕಾಲದಿಂದ ಬಳಕೆಯಲ್ಲಿದೆ. ಅದರ ಪ್ರಕಾರ, ಹಾಲು ಬಿಡಿಸುವ ವಯಸ್ಸಿನ, ಅಂದರೆ 205 ದಿನದ ಗಂಡುಕರುವಿನ ತೂಕಕ್ಕೆ, ತಾಯಿಗೆ 2 ವರ್ಷವಾಗಿದ್ದರೆ ಸುಮಾರು 27 ಕಿಲೋ ಸೇರಿಸುತ್ತಾರೆ. 3 ವರ್ಷವಾಗಿದ್ದರೆ 18, 4 ವರ್ಷವಾಗಿದ್ದರೆ 9. ತಾಯಿ 5ರಿಂದ 10 ವರ್ಷದ್ದಾದರೆ ಏನೂ ಸೇರಿಸುವುದಿಲ್ಲ, ಅದು ಹಸುವಿನ ಭರ್ತಿ ಕಾಲ. ಹನ್ನೊಂದು ದಾಟಿದ ಮೇಲೆ? ಮತ್ತೆ ಅದೇ 9 ಕಿಲೋ. ಅಂದರೆ ಹನ್ನೊಂದು ದಾಟಿದ್ದೂ ಒಂದೇ, ನಾಲ್ಕು ವರ್ಷದ್ದೂ ಒಂದೇ. ನಾಲ್ಕು ವರ್ಷದ ಹಸುವನ್ನು ವಯಸ್ಸಾಯಿತೆಂದು ಯಾರೂ ಮಾರುವುದಿಲ್ಲ, ಅಲ್ವಾ?

ಹನ್ನೊಂದು ದಾಟಿದವು ಆಗಲೇ ಸೋಸಿ ಉಳಿದವು ಎನ್ನುವುದನ್ನೂ ಮರೆಯಬಾರದು. ಗೊಡ್ಡು ಬಿದ್ದವು, ಕುಂಟಿದವು ಅಷ್ಟರಲ್ಲಿ ಹೋಗಿರುತ್ತವೆ. ಆದರೆ ಉಳಿದಿರುವುದನ್ನು ಉಳಿಸಿಕೊಳ್ಳಲು ಇದೇ ಕಾರಣವಲ್ಲವೇ? ಇತ್ತ ಕಡಸು ಮೊದಲ ಕರು ಹಾಕುವ ತನಕ ಎರಡು ವರ್ಷ ಸುಮ್ನೆ ತಿನ್ನುತ್ತದೆ. ಆ ಖರ್ಚು ಹುಟ್ಟಬೇಕಾದರೆ ಸಾಮಾನ್ಯವಾಗಿ ಐದಾರು ಕರು ಬೇಕು. ಈಯುವಾಗ ತೊಂದರೆ ಆಗುವುದೂ ಮೊದಲ ಸೂಲಿನವಕ್ಕೇ ಜಾಸ್ತಿ.

ಹಾಗಾಗಿ ವಯಸ್ಸನ್ನು ಬಿಟ್ಟು ಹಸುವನ್ನು ನೋಡಿ. ವರ್ಷಕ್ಕೊಮ್ಮೆ, ಕರುಗಳಿಗೆ ಹಾಲು ಬಿಡಿಸುವಾಗ ನೋಡುವುದು ಅನುಕೂಲ. ಹೇಗೂ ಇಡೀ ಮಂದೆ ಕೊಟ್ಟಿಗೆಗೆ ಬಂದಿರುತ್ತದೆ.

1. ಗಬ್ಬ ನಿಂತಿದೆಯೇ?

ಮೊದಲ ಪ್ರಶ್ನೆ ಇದೇ. ಹಸು ಗಬ್ಬ ಹೊರುವುದು ಸುಮಾರು 283 ದಿನ. ವರ್ಷಕ್ಕೊಂದು ಕರು ಬೇಕೆಂದರೆ, ಈದ ಮೇಲೆ ಮತ್ತೆ ಗಬ್ಬ ನಿಲ್ಲಲು ಉಳಿಯುವುದು 82 ದಿನ ಮಾತ್ರ. ಅದರಲ್ಲೂ ಮೊದಲ ಒಂದೂವರೆ ತಿಂಗಳು ಗರ್ಭಕೋಶ ಸುಧಾರಿಸಿಕೊಳ್ಳುವುದಕ್ಕೇ ಹೋಗುತ್ತದೆ. ಪಶುವೈದ್ಯರು ಕೈ ಹಾಕಿ ನೋಡಿ ಹೇಳುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಒಂದು ತಿಂಗಳಿಗೇ ಗೊತ್ತಾಗುತ್ತದೆ.

ವಯಸ್ಸಾದ ಹಸು ಖಾಲಿ ಇದ್ದರೆ ನನ್ನ ಪ್ರಕಾರ ದಾಕ್ಷಿಣ್ಯ ಬೇಡ. ಹಿಂದೆ ಎಂಥ ಕರು ಕೊಟ್ಟಿದ್ದರೂ ಸರಿ. ಗಬ್ಬ ನಿಂತಿದ್ದರೂ ಪುಸ್ತಕ ತೆಗೆದು ನೋಡಿ. ಈಯುವ ತಾರೀಖು ಪ್ರತಿವರ್ಷ ಎರಡು ವಾರ, ಮೂರು ವಾರ ತಡವಾಗುತ್ತಿದ್ದರೆ ಅದು ಮುಂದಿನ ವರ್ಷ ಖಾಲಿ ಉಳಿಯುವ ಮುನ್ಸೂಚನೆ.

2. ಬಾಯಿ ತೆರೆಸಿ ಹಲ್ಲು ನೋಡಿ

ಹಸುವಿನ ಆಯಸ್ಸು ಇರುವುದು ಹಲ್ಲಿನಲ್ಲಿ. ತಲೆಯನ್ನು ಭದ್ರವಾಗಿ ಕಟ್ಟಿ, ಕೆಳದುಟಿಯನ್ನು ಹೆಬ್ಬೆರಳಿನಿಂದ ಕೆಳಕ್ಕೆ ಎಳೆಯಿರಿ. ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇರುವುದಿಲ್ಲ, ಗಟ್ಟಿ ಒಸಡಷ್ಟೇ. ಕೆಳಗಡೆ ಎಂಟು. ಎರಡು ವರ್ಷದ ಹೊತ್ತಿಗೆ ಹಾಲುಹಲ್ಲು ಬಿದ್ದು ಎರಡು ಶಾಶ್ವತ ಹಲ್ಲು, ಆಮೇಲೆ ನಾಲ್ಕು, ಆರು, ಐದು ವರ್ಷಕ್ಕೆ ಎಂಟೂ ಬಂದು ಬಾಯಿಗೂಡು. ಅಲ್ಲಿಂದಾಚೆಗೆ ಬರೀ ಸವೆತ.

ಸವೆತ ನೋಡಿ ವಯಸ್ಸು ಹೇಳಲು ಹೋಗಬೇಡಿ. ಮರಳು ನೆಲದಲ್ಲಿ ಮೇಯುವ ಹಸುವಿನ ಹಲ್ಲು ಬೇಗ ಸವೆಯುತ್ತದೆ. ವಯಸ್ಸಿಗೆ ದಾಖಲೆ ಇದೆ. ಇಲ್ಲಿ ನೋಡಬೇಕಾದದ್ದು ಬೇರೆ: ಹಲ್ಲು ಸಮನಾಗಿ ಗಿಡ್ಡವಾಗಿದೆಯೋ, ನಡುವೆ ಬಿದ್ದುಹೋಗಿದೆಯೋ? ಬೆರಳಲ್ಲಿ ಒತ್ತಿದರೆ ಅಲುಗುತ್ತದೆಯೋ? ಸಮನಾಗಿ ಸವೆದ ಬಾಯಿ, ಉದ್ದ ಹುಲ್ಲಿರುವ ಕಡೆ ಇನ್ನೂ ಒಂದೆರಡು ವರ್ಷ ನಡೆಯುತ್ತದೆ. ಹಸು ಹುಲ್ಲನ್ನು ನಾಲಿಗೆಯಲ್ಲಿ ಸುತ್ತಿ ಎಳೆಯುತ್ತದೆ ನೋಡಿ, ಅದಕ್ಕೆ. ಹಲ್ಲು ಬಿದ್ದ ಬಾಯಿಗೆ ನೆಲಕ್ಕಂಟಿದ ಗಿಡ್ಡ ಹುಲ್ಲು ಸಿಗುವುದೇ ಇಲ್ಲ.

ದವಡೆ ಹಲ್ಲು ಹೊರಗಿನಿಂದ ಕಾಣುವುದಿಲ್ಲ. ಬಾಯೊಳಗೆ ಕೈ ಹಾಕುವ ಸಾಹಸ ಬೇಡ, ಬೆರಳು ಹೋದೀತು. ಬದಲಿಗೆ ಗೋದಲಿ ನೋಡಿ. ಅರ್ಧ ಜಗಿದ ಮೇವಿನ ಉಂಡೆ, ಜೊಲ್ಲಿನಲ್ಲಿ ನೆನೆದದ್ದು, ಅಲ್ಲಲ್ಲಿ ಬಿದ್ದಿದೆಯೇ? ಸಗಣಿಯನ್ನು ಕಡ್ಡಿಯಿಂದ ಬಿಡಿಸಿ. ಒಂದೇ ಮೇವು ತಿಂದ ಉಳಿದ ಹಸುಗಳದ್ದಕ್ಕಿಂತ ಇದರಲ್ಲಿ ಉದ್ದುದ್ದ ನಾರು ಹಾಗೆಯೇ ಬಂದಿದ್ದರೆ ಜಗಿತ ಸರಿಯಿಲ್ಲ ಎಂದರ್ಥ. ಹಲ್ಲಿದ್ದಾಗ ಕಡಲೆಯಿಲ್ಲ ಎನ್ನುವ ಗಾದೆ ಇಲ್ಲಿ ಉಲ್ಟಾ: ಮೇವು ರಾಶಿ ಇದ್ದರೂ ಹಸು ಬಡವಾಗುತ್ತದೆ.

3. ಕೆಚ್ಚಲಿಗೆ ಬೇರೆ ದಿನ

ಇದೊಂದನ್ನು ಮಾತ್ರ ಹಾಲು ಬಿಡಿಸುವಾಗ ನೋಡಿ ಪ್ರಯೋಜನವಿಲ್ಲ. ಈದ ದಿನವೇ ನೋಡಿ ಬರೆದಿಟ್ಟುಕೊಳ್ಳಬೇಕು. ಕೆಚ್ಚಲು ಹಿಂಗಾಲಿನ ಗಂಟಿಗಿಂತ ಕೆಳಗೆ ಜೋತಿದೆಯೇ? ತೊಟ್ಟು ಬಾಟಲಿಯಂತೆ ಊದಿದೆಯೇ? ಅಂಥ ತೊಟ್ಟು ಹುಟ್ಟಿದ ಕರುವಿನ ಬಾಯಿಗೆ ಹಿಡಿಯುವುದಿಲ್ಲ. ಕರು ಮೊಣಕಾಲು, ಎದೆ, ಎಲ್ಲೆಲ್ಲೋ ಮೂತಿ ತೂರಿಸಿ ಸುಸ್ತಾಗಿ ಮಲಗುತ್ತದೆ.

ಗಿಣ್ಣದ ಹಾಲು ಮೊದಲ ಕೆಲವು ಗಂಟೆಯಲ್ಲಿ ಹೊಟ್ಟೆಗೆ ಹೋಗಬೇಕು. ಒಂದು ದಿನ ಕಳೆದರೆ ಅದರಲ್ಲಿರುವ ರೋಗನಿರೋಧಕ ಅಂಶವನ್ನು ಕರುವಿನ ಕರುಳು ಹೀರಿಕೊಳ್ಳುವುದೇ ಇಲ್ಲ. ಹಳೆಯ ಹಸುವಿನ ಗಿಣ್ಣದ ಹಾಲು ಕಡಸಿನದ್ದಕ್ಕಿಂತ ಸಾಮಾನ್ಯವಾಗಿ ಒಳ್ಳೆಯದು, ಹತ್ತಾರು ರೋಗ ಕಂಡ ಮೈ ಅದು. ಕುಡಿಯಲು ಸಿಕ್ಕರೆ ತಾನೇ?

4. ಗೊರಸು, ಕಣ್ಣು

ಕುಂಟುವ ಹಸು ಮೇಯಲು ದೂರ ಹೋಗುವುದಿಲ್ಲ. ಗೊರಸು ಬೆಳೆದು ಕತ್ತರಿಯಂತೆ ಒಂದರ ಮೇಲೊಂದು ಏರಿದ್ದರೆ ಕತ್ತರಿಸಿ ನೋಡಿ, ಮರುವರ್ಷವೂ ಹಾಗೇ ಆದರೆ ಮಾರಿ. ಹೆರಿಫೋರ್ಡ್‌ನಂಥ ಬಿಳಿ ಮುಖದ ತಳಿಗಳಲ್ಲಿ ಕಣ್ಣಿನ ಕ್ಯಾನ್ಸರ್ ಬರುವುದುಂಟು. ರೆಪ್ಪೆಯ ಅಂಚಿನಲ್ಲಿ ಸಣ್ಣ ಗಂಟು ಕಂಡ ಕೂಡಲೇ ವೈದ್ಯರಿಗೆ ತೋರಿಸಿ.

5. ಪಕ್ಕೆ ಮುಟ್ಟಿ ನೋಡಿ, ಮೇವು ಬೇರೆ ಮಾಡಿ

ಮಾಂಸದ ತಳಿಗಳ ಮೈಕಟ್ಟಿಗೆ 1ರಿಂದ 9ರವರೆಗೆ ಅಂಕ ಕೊಡುತ್ತಾರೆ, 1 ಎಂದರೆ ತೀರಾ ಬಡಕಲು, 9 ಎಂದರೆ ತೀರಾ ಕೊಬ್ಬಿದ್ದು. ಈಯುವಾಗ 5 ಇರಬೇಕು. ಚಳಿಗಾಲದ ದಟ್ಟ ಕೂದಲು ಕಣ್ಣಿಗೆ ಮೋಸ ಮಾಡುತ್ತದೆ, ಅಂಗೈ ಇಟ್ಟೇ ನೋಡಿ. ಪಕ್ಕೆಲುಬು, ಬೆನ್ನೆಲುಬು ಚೂಪಾಗಿ ತಾಗಿದರೆ ಅಂಕ 3. ಒಂದು ಅಂಕ ಏರಬೇಕೆಂದರೆ ಸುಮಾರು 35ರಿಂದ 45 ಕಿಲೋ ತೂಕ ಬರಬೇಕು. ಈಯುವುದಕ್ಕೆ ಇನ್ನು ಒಂದು ತಿಂಗಳಿದೆ ಎನ್ನುವಾಗ ಇದು ಆಗದ ಮಾತು. ಹಾಲು ಬಿಡಿಸಿದ ಕೂಡಲೇ ಶುರು ಮಾಡಿದರೆ ಆಗುತ್ತದೆ.

ಮುದಿ ಹಸುಗಳನ್ನು ದೊಡ್ಡ ಗುಂಪಿನಿಂದ ತೆಗೆದು ಮೊದಲ ಸೂಲಿನವುಗಳ ಜೊತೆ ಬಿಡಿ. ಎರಡಕ್ಕೂ ಗೋದಲಿಯಲ್ಲಿ ಜಗಳವಾಡುವ ಶಕ್ತಿ ಕಡಿಮೆ, ಎರಡಕ್ಕೂ ಬೇಕಾದದ್ದು ಮೆತ್ತನೆಯ ಒಳ್ಳೆ ಮೇವು. ಒರಟು ಹುಲ್ಲಿನ ಬದಲು ರಸಮೇವು (ಸೈಲೇಜ್), ಸಣ್ಣಗೆ ಕತ್ತರಿಸಿದ ಮೇವು ಕೊಡಿ. ಖನಿಜ ಮಿಶ್ರಣ ತಪ್ಪಿಸಬೇಡಿ. ವಯಸ್ಸಾದಂತೆ ಎಲುಬಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಗ ಬಿಡುಗಡೆಯಾಗುವುದಿಲ್ಲ. ಎಳೆ ಹಸಿ ಹುಲ್ಲಿಗೆ ಬಿಟ್ಟ ಹಾಲು ಕೊಡುವ ಹಳೆಯ ಹಸು ಮೆಗ್ನೀಸಿಯಂ ಸಾಲದೆ ನಡುಗಿ ಬೀಳುವುದು ಇದಕ್ಕೇ. ತಡಮಾಡಿದರೆ ಕೆಲವೇ ಗಂಟೆಯಲ್ಲಿ ಸಾಯುತ್ತದೆ.

6. ಬಾಳಿಕೆ ಬರುವ ಕಡಸನ್ನೇ ಆರಿಸಿ

ಈಯುವ ಕಾಲದ ಮೊದಲ 21 ದಿನದೊಳಗೆ ಕರು ಹಾಕಿದ ಕಡಸುಗಳು ಮಂದೆಯಲ್ಲಿ ಹೆಚ್ಚು ವರ್ಷ ಉಳಿಯುತ್ತವೆ. ಮಿಶ್ರತಳಿ ಹಸುಗಳೂ ಅಷ್ಟೇ, ಶುದ್ಧ ತಳಿಯವುಗಳಿಗಿಂತ ಜಾಸ್ತಿ ಬಾಳುತ್ತವೆ. ಬ್ರಾಹ್ಮನ್‌ನಂಥ ಡುಬ್ಬದ ತಳಿಯ ರಕ್ತ ಬೆರೆತಿದ್ದರೆ ಇನ್ನೂ ಗಟ್ಟಿ. ಹಳೆಯದನ್ನೇ ಇಟ್ಟುಕೊಂಡರೆ ತಳಿ ಸುಧಾರಣೆ ನಿಲ್ಲುತ್ತದೆ ಎನ್ನುವವರಿದ್ದಾರೆ. ಪೂರ್ತಿ ಸುಳ್ಳಲ್ಲ. ಆದರೆ ಹೊಸ ಗುಣ ಬಹುಪಾಲು ಬರುವುದು ಹೋರಿಯಿಂದ. ಒಳ್ಳೆ ಹೋರಿ ತನ್ನಿ, ತಾಯಿಯನ್ನು ಅದರ ಪಾಡಿಗೆ ಬಿಡಿ ಪಾಪ.

ಐರ್ಲೆಂಡಿನ ಬಿಗ್ ಬರ್ತಾ ಎಂಬ ಹಸು 1993ರಲ್ಲಿ ಸತ್ತಾಗ ಅದಕ್ಕೆ 49 ತುಂಬಲು ಮೂರು ತಿಂಗಳಷ್ಟೇ ಬಾಕಿ. ಹಾಕಿದ ಕರು 39. ಗಿನ್ನೆಸ್ ದಾಖಲೆ ಅದು. ನಿಮ್ಮ ಮಂದೆಯಲ್ಲಿ ಅಂಥದ್ದು ಹುಡುಕಬೇಡಿ. ಹನ್ನೆರಡು, ಹದಿಮೂರು ವರ್ಷ ಸಾಕು.

7. ಕಳಿಸುವುದಾದರೆ

ಈ ಪರೀಕ್ಷೆಯಲ್ಲಿ ಸೋತ ಹಸುವನ್ನು ಇನ್ನೊಂದು ಚಳಿಗಾಲ ಎಳೆದಾಡಬೇಡಿ. ಬಡಕಲಾಗಿದ್ದು ಹಲ್ಲು ಇನ್ನೂ ಇದ್ದರೆ ಎರಡು ಮೂರು ತಿಂಗಳು ಮೇಯಿಸಿ ಮಾರಿ, ತೂಕದ ಜೊತೆ ದರವೂ ಏರುತ್ತದೆ. ಹಲ್ಲಿಲ್ಲದಿದ್ದರೆ ಆ ಮೇವು ದಂಡ, ಬೇಗ ಕಳಿಸಿ. ಲಾರಿಯಲ್ಲಿ ನಿಲ್ಲಲಾಗದಷ್ಟು ಸೊರಗುವ ತನಕ ಕಾಯುವುದಂತೂ ಕ್ರೂರ. ಇತ್ತೀಚೆಗೆ ಆ್ಯಂಟಿಬಯಾಟಿಕ್ ಅಥವಾ ಜಂತುಹುಳದ ಔಷಧ ಕೊಟ್ಟಿದ್ದರೆ, ಮಾಂಸಕ್ಕೆ ಕಳಿಸುವ ಮುನ್ನ ಎಷ್ಟು ದಿನ ಕಾಯಬೇಕೆಂದು ಸೀಸೆಯ ಮೇಲೆ ಬರೆದಿರುತ್ತದೆ. ಆ ದಿನ ಕಳೆದಿದೆಯೇ ಎಂದು ದಾಖಲೆ ಪುಸ್ತಕದಲ್ಲಿ ನೋಡಿ, ಆಮೇಲೆ ಲಾರಿ ಕರೆಸಿ.