ಹೂಂ ಅನ್ನೋರಿದ್ರೆ ಕಥಿ

ಮೊದಲ ಸಲ ನಾನು ಮಾಡಿದ್ದೇ ತಪ್ಪು. ನಾಲ್ಕನೇ ಕ್ಲಾಸಿಗೆ ಹೋಗಿ ಬೋರ್ಡಿನ ಮೇಲೆ 'ನಿಮ್ಮದೇ ಒಂದು ಜನಪದ ಕಥೆ ಬರೆಯಿರಿ' ಅಂತ ಬರೆದು, ಆರಾಮಾಗಿ ಕುರ್ಚಿ ಮೇಲೆ ಕೂತುಬಿಟ್ಟೆ. 23 ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಮೆ-ಮೊಲದ ಓಟ ಬರೆದರು. ಉಳಿದವರದ್ದು ಬಾಯಾರಿದ ಕಾಗೆ. ಒಬ್ಬ ಮಾತ್ರ ಆಮೆ ಬದಲು ಎಮ್ಮೆ ಹಾಕಿದ್ದ, ಪುಣ್ಯಾತ್ಮ. ಎಲ್ಲರ ಕೊನೇ ಸಾಲೂ 'ಈ ಕಥೆಯ ನೀತಿ'.

ಆದ್ರೆ ಇದೇ ಮಕ್ಕಳು ಊಟದ ಬಿಡುವಿನಲ್ಲಿ ಹುಣಸೆಮರದ ದೆವ್ವದ ಕಥೆಯನ್ನು ಕೈ-ಕಣ್ಣು ತಿರುಗಿಸಿ ಅರ್ಧ ಗಂಟೆ ಹೇಳ್ತಿದ್ರು. ಕಥೆ ಬಾಯಲ್ಲಿದೆ, ಪೆನ್ಸಿಲಿಗೆ ಇಳಿದಿಲ್ಲ ಅಷ್ಟೇ.

ನಮ್ಮ ಕಡೆ ಅಜ್ಜಿ ಕಥಿ ಶುರು ಮಾಡೋ ಮುಂಚೆ 'ಹೂಂ ಅನ್ನು' ಅಂತಾಳೆ. ಹೂಂ ನಿಂತರೆ ಹುಡುಗ ಮಲಗಿದ ಅಂತ ಲೆಕ್ಕ, ಕಥಿ ಅಲ್ಲಿಗೇ ಬಂದ್. ಅದನ್ನೇ ಕ್ಲಾಸಿಗೆ ತಂದೆ. ಇಬ್ಬಿಬ್ಬರ ಜೋಡಿ, ಒಬ್ಬ ಹೇಳಬೇಕು, ಇನ್ನೊಬ್ಬ ಹೂಂಗುಡಬೇಕು. ಬೇಸರ ಬಂದ್ರೆ ಸುಮ್ನಿರಬಹುದು, ಸುಳ್ಳೇ ಹೂಂ ಅನ್ನಂಗಿಲ್ಲ. ಹೂಂ ಎಲ್ಲಿ ನಿಂತಿತೋ ಅಲ್ಲಿ ಕಥೆ ರಿಪೇರಿ. 23ರಲ್ಲಿ ಒಬ್ಬರು ಉಳಿಯುತ್ತಾರಲ್ಲ, ಅವರಿಗೆ ನಾನೇ ಜೋಡಿ. ಒಂದು ವಾರ ಯಾರೂ ಪೆನ್ಸಿಲ್ ಮುಟ್ಟಲಿಲ್ಲ.

ಎರಡನೇ ವಾರ ಕಾಗಕ್ಕ-ಗುಬ್ಬಕ್ಕನ ಕಥಿ ತಗೊಂಡೆ. ಮಳೆಗೆ ಕಾಗಕ್ಕನ ಸಗಣಿ ಮನೆ ಕೊಚ್ಚಿಹೋಗುತ್ತೆ. ಗುಬ್ಬಕ್ಕನ ಕಲ್ಲಿನ ಮನೆ ಬಾಗಿಲು ಬಡಿದರೆ ಒಳಗಿಂದ ಒಂದೊಂದೇ ನೆಪ: ಮಗುಗ ಎಣ್ಣಿ ಹಚ್ಚಾಕತ್ತೀನಿ ತಡಿ, ನೀರು ಎರೆಯಾಕತ್ತೀನಿ ತಡಿ. ಯಾಕೆ ಒಂದೇ ಸಲಕ್ಕೆ ಬಾಗಿಲು ತೆಗೆಯೋದಿಲ್ಲ ಅಂತ ಕೇಳಿದೆ. 'ತೆಗೆದ್ರ ಕಥಿ ಮುಗೀತದಲ್ರೀ ಸರ್' ಅಂದ ಒಬ್ಬ. ನಾನು ಇಡೀ ಪಿರಿಯಡ್ ಹೇಳಬೇಕು ಅಂದ್ಕೊಂಡಿದ್ದು ಅಲ್ಲಿಗೆ ಮುಗಿಯಿತು.

ಆಮೇಲೆ ಬರೆಯೋದಕ್ಕೆ ವಿಷಯ. ನಮ್ಮದು ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕು, ಮಾಗಡಿ ಕೆರೆ ಮಕ್ಕಳಿಗೆ ಗೊತ್ತಿರೋದೇ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಕೆರೆ ಅದು. ಚಳಿಗಾಲಕ್ಕೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರ್ತಾವೆ, ಹಗಲು ನೀರಲ್ಲಿ ಕೂತು ಕತ್ತಲಾದ ಮೇಲೆ ಹೊಲಕ್ಕೆ ಮೇಯೋಕೆ ಹೋಗ್ತಾವೆ. ಬಿಳಿ ತಲೆ ಮೇಲೆ ಎರಡು ಕಪ್ಪು ಪಟ್ಟೆ. ಆ ಪಟ್ಟೆ ಹೆಂಗ ಬಂದ್ವು? ಇಷ್ಟೇ ಕೇಳಿದೆ.

ಬರೆಯೋಕೆ ಕಷ್ಟಪಡುವ ನಾಲ್ಕು ಮಕ್ಕಳದ್ದು ಅವರು ಹೇಳಿದಂಗೇ ನಾನು ಬರೆದುಕೊಂಡೆ. ಆಮೇಲೆ ಅದನ್ನು ಅವರೇ ಓದಿದರು, ಯಾಕಂದ್ರೆ ಪ್ರತಿ ಮಾತೂ ಅವರದ್ದೇ. ಉಳಿದವರ ಮೊದಲ ಪ್ರತಿಗೆ ಕೆಂಪು ಪೆನ್ನು ಹಚ್ಚಲಿಲ್ಲ. ಶಾಲೆಗೆ ಬಂದ ಸಾಹೇಬರೊಬ್ಬರು 'ಊರಾಗ, ಅಕಿ' ನೋಡಿ ಹುಬ್ಬು ಗಂಟಿಕ್ಕಿದರು, ಶುದ್ಧ ಬರೆಸ್ರಿ ಅಂದರು. ಕೊನೇ ಪ್ರತಿಯಲ್ಲಿ ಕಾಗುಣಿತ ತಿದ್ದಿಸಿದೆ, ಪಾತ್ರಗಳ ಮಾತು ಮಾತ್ರ ಮುಟ್ಟಲಿಲ್ಲ. ಅಜ್ಜಿ ಪುಸ್ತಕದ ಕನ್ನಡ ಮಾತಾಡಿದ್ರೆ ಯಾರು ನಂಬ್ತಾರೆ, ಅಲ್ವಾ?

ಒಬ್ಬ ಹುಡುಗಿಯ ಕಥೆ ಹೀಗಿತ್ತು. ಮೊದಲು ಹೆಬ್ಬಾತಿನ ತಲೆ ಪೂರಾ ಬಿಳಿ. ಒಂದು ರಾತ್ರಿ ಅದು ಅಜ್ಜಿಯ ಹೊಲದಲ್ಲಿ ಶೇಂಗಾ ಕದಿಯುತ್ತೆ. ರೊಟ್ಟಿ ಬಡೀತಿದ್ದ ಅಜ್ಜಿ ಹಂಗೇ ಎದ್ದು ಓಡಿ ಬಂದು ಎರಡು ಬೆರಳಿಂದ ತಲೆಗೆ ಮೊಟಕ್ತಾಳೆ. ಬೆರಳಿಗೆ ಹಂಚಿನ ಮಸಿ. ಪಟ್ಟೆ ಎರಡು!

ಮೊದಲ ಪ್ರತಿಯಲ್ಲಿ ಹಿಮಾಲಯ, ಮಂಗೋಲಿಯಾ ಎಲ್ಲಾ ಅರ್ಧ ಪುಟ ಇತ್ತು. ನಾನೇ ಪಾಠ ಮಾಡಿದ್ದು. ಅಲ್ಲಿ ಜೋಡಿ ಹುಡುಗನ ಹೂಂ ನಿಂತುಹೋಯಿತು. ಅವಳು ನನ್ನ ಮುಖ ಸಹ ನೋಡದೆ ಅಷ್ಟೂ ಹೊಡೆದುಹಾಕಿದಳು. ಸ್ವಲ್ಪ ಹೊಟ್ಟೆ ಉರೀತು, ನಿಜ.

ಈಗ ಹೆಬ್ಬಾತು ವರ್ಷಾ ವರ್ಷಾ ಬಂದು 'ಅಜ್ಜೀ, ಮಸಿ ತೊಳಿ' ಅನ್ನುತ್ತೆ. ಅಜ್ಜಿ 'ರೊಟ್ಟಿ ಬಡಿಯಾಕತ್ತೀನಿ, ತಡಿ' ಅಂತಾಳೆ. ಮರುವರ್ಷ 'ಎಮ್ಮಿ ಹಿಂಡಾಕತ್ತೀನಿ, ತಡಿ'. ಅಷ್ಟರಲ್ಲಿ ಬಿಸಿಲು ಏರುತ್ತೆ, ಹಕ್ಕಿ ಹಾರಿಹೋಗುತ್ತೆ.

'ಹೂಂ, ಮುಂದ?' ಅಂದ ಜೋಡಿ ಹುಡುಗ.

'ಮುಂದೇನ್ ಮುಂದ? ಈ ವರ್ಷ ನೀರು ಕಾಸಾಕಿಟ್ಟಾಳ.'