ಕೆಮ್ಮಿನ ಚಾನಲ್ ಮತ್ತು ಐದು ನಿಮಿಷದ ಕಾಯುವಿಕೆ

ಅಮ್ಮ ಒಗ್ಗರಣೆಗೆ ಗುಂಟೂರು ಮೆಣಸಿನಕಾಯಿ ಹಾಕಿದ ದಿನ ಮನೆಮಂದಿಯೆಲ್ಲ ಕೆಮ್ಮುತ್ತಿದ್ದೆವು. ಬ್ಯಾಡಗಿಯಾದರೆ ಅಷ್ಟು ಘಾಟು ಇರುತ್ತಿರಲಿಲ್ಲ. ಫಾರ್ಮಕಾಲಜಿ ಓದುವಾಗ ಅದರ ಕಾರಣ ಗೊತ್ತಾಯಿತು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಶ್ವಾಸನಾಳದ ನರಗಳ ತುದಿಯಲ್ಲಿರುವ ಟಿಆರ್‌ಪಿವಿ1 ಎಂಬ ಅಯಾನ್ ಚಾನಲನ್ನು ತೆರೆಯುತ್ತದೆ. ಚಾನಲ್ ಅಂದರೆ ಜೀವಕೋಶದ ಪೊರೆಯಲ್ಲಿರುವ ಪುಟ್ಟ ಬಾಗಿಲು. ಅದು ತೆರೆದರೆ ಸೋಡಿಯಂ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತವೆ, ನರ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ, ಕೆಮ್ಮು ಬರುತ್ತದೆ. ಈ ಚಾನಲನ್ನು 1997ರಲ್ಲಿ ಪತ್ತೆ ಮಾಡಿದ್ದು ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ತಂಡ. 2021ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ಈ ಬಾಗಿಲು ಮುಚ್ಚಿದರೆ ಕೆಮ್ಮು ನಿಲ್ಲುತ್ತದೆ ಅಂತ ನಾನೂ ನಂಬಿದ್ದೆ. ಆದರೆ ಘಾಟಿನ ಕೆಮ್ಮೇ ಬೇರೆ, ತಿಂಗಳುಗಟ್ಟಲೆ ಬಿಡದ ಕೆಮ್ಮೇ ಬೇರೆ. ಟಿಆರ್‌ಪಿವಿ1 ತಡೆಯುವ ಔಷಧವನ್ನು ರೋಗಿಗಳ ಮೇಲೆ ಪರೀಕ್ಷಿಸಿದಾಗ, ಕ್ಯಾಪ್ಸೈಸಿನ್ ಕೊಟ್ಟು ಬರಿಸಿದ ಕೆಮ್ಮು ತಗ್ಗಿತು, ದಿನನಿತ್ಯದ ಕೆಮ್ಮು ತಗ್ಗಲಿಲ್ಲ.

ಮಲ್ಲೇಶ್ವರದಲ್ಲಿರುವ ದೊಡ್ಡಮ್ಮನಿಗೆ ಅಂಥದ್ದೇ ಕೆಮ್ಮು. "ಎಕ್ಸ್‌ರೇನಲ್ಲಿ ಏನೂ ಇಲ್ಲ ಅಂತಾರೆ ಕಣೇ. ಫೋನಲ್ಲಿ ಎರಡು ಮಾತಾಡೋಕೂ ಬಿಡಲ್ಲ ಇದು" ಅನ್ನುತ್ತಿದ್ದರು. ಎಂಟು ವಾರ ದಾಟಿದರೆ ವೈದ್ಯರು ಅದನ್ನು ದೀರ್ಘಕಾಲದ ಕೆಮ್ಮು ಅನ್ನುತ್ತಾರೆ. ಆಗಲೇ ನಾನು ಪಿ2ಎಕ್ಸ್3 ಅನ್ನೋ ಇನ್ನೊಂದು ಚಾನಲ್ ಕಡೆ ಹೊರಳಿದ್ದು. ಇದನ್ನು ತೆರೆಯುವುದು ಎಟಿಪಿ. ಶಾಲೆಯಲ್ಲಿ ನಾವು ಕೋಶದ ಶಕ್ತಿಯ ನಾಣ್ಯ ಅಂತ ಓದಿದ ಅದೇ ಎಟಿಪಿ. ಶ್ವಾಸನಾಳದ ಕೋಶಗಳಿಗೆ ಪೆಟ್ಟಾದರೆ ಅದು ಹೊರಗೆ ಸೋರುತ್ತದೆ, ಪಕ್ಕದ ನರ ಕೆರಳುತ್ತದೆ.

ನನ್ನ ಕೆಲಸ ಪ್ಯಾಚ್ ಕ್ಲ್ಯಾಂಪ್‌ನಲ್ಲಿ, ಅಂದರೆ ಚಾನಲ್ ತೆರೆದಾಗ ಅದರ ಮೂಲಕ ಹರಿಯುವ ಕರೆಂಟನ್ನು ಅಳೆಯುವುದು. ಎರ್ವಿನ್ ನೆಹರ್, ಬರ್ಟ್ ಸಾಕ್ಮನ್ ಅವರಿಗೆ 1991ರ ನೊಬೆಲ್ ತಂದುಕೊಟ್ಟ ವಿಧಾನ ಇದು. ಗಾಜಿನ ಕೊಳವೆಯನ್ನು ಕಾಯಿಸಿ ಎಳೆದು, ಕಣ್ಣಿಗೆ ಕಾಣದಷ್ಟು ಸಣ್ಣ ತುದಿಯ ಪಿಪೆಟ್ ಮಾಡಿಕೊಳ್ಳುತ್ತೇನೆ. ಅದನ್ನು ಆವತ್ತೇ ಬಳಸಬೇಕು, ಮರುದಿನಕ್ಕೆ ಧೂಳು ಕೂರುತ್ತದೆ. ಲ್ಯಾಬಿನಲ್ಲಿ ಬೆಳೆಸುವ ಎಚ್‌ಇಕೆ 293 ಎಂಬ ಮಾನವ ಕೋಶಕ್ಕೆ ಪಿ2ಎಕ್ಸ್3 ಜೀನ್ ಹಾಕಿ, ಅದಕ್ಕೆ ತುದಿ ತಾಗಿಸಿ, ಬಾಯಲ್ಲಿರುವ ಟ್ಯೂಬಿನಿಂದ ಮೆಲ್ಲಗೆ ಎಳೆಯುತ್ತೇನೆ. ಪರದೆಯ ಮೇಲಿನ ಗೆರೆ ಮಟ್ಟಸವಾಗುತ್ತಾ ಬರುತ್ತದೆ. ರೋಧ ಒಂದು ಗಿಗಾ ಓಮ್ ದಾಟಿತು ಅಂದರೆ ಸೀಲ್ ಕೂತಿತು, ಅಂದರೆ ಗಾಜು ಪೊರೆಗೆ ಬಿಗಿಯಾಗಿ ಅಂಟಿತು. ಇನ್ನೊಂದು ಚಿಕ್ಕ ಎಳೆತಕ್ಕೆ ಪೊರೆ ಒಡೆದು ಕೋಶದ ಒಳಗಿನ ಕರೆಂಟ್ ಸಿಗುತ್ತದೆ. ಆ ಹೊತ್ತಿಗೆ ಹೊರಗೆ ಬಿಎಂಟಿಸಿ ಬಸ್ ಹೋದರೂ ಸಾಕು, ಸೀಲ್ ಹಾಳು. ಅದಕ್ಕೇ ಟ್ರಾಫಿಕ್ ತಗ್ಗಿದ ಮೇಲೆ, ರಾತ್ರಿ ಹತ್ತರ ನಂತರ ಕೂರುತ್ತಿದ್ದೆ.

ನಾನು ದೊಡ್ಡ ತಪ್ಪು ಮಾಡಿದ್ದು ಇಲ್ಲೇ. ಮೊದಲು ಎಟಿಪಿ ಕೊಟ್ಟೆ, ದೊಡ್ಡ ಕರೆಂಟ್ ಬಂತು. ತೊಳೆದು, ಒಂದು ನಿಮಿಷಕ್ಕೆ, ಪಿ2ಎಕ್ಸ್3 ಮುಚ್ಚಲೆಂದು ನಾವು ಪರೀಕ್ಷಿಸುತ್ತಿದ್ದ ಹೊಸ ಅಣುವಿನ ಜೊತೆ ಮತ್ತೆ ಎಟಿಪಿ ಕೊಟ್ಟೆ. ಕರೆಂಟ್ ಹೆಚ್ಚುಕಡಿಮೆ ಮಾಯ! ಆರು ಕೋಶಗಳಲ್ಲೂ ಹಾಗೇ ಆಯಿತು. ಖುಷಿಯಲ್ಲಿ ಮನೆಗೆ ಫೋನ್ ಕೂಡ ಮಾಡಿದೆ. ಮಾರನೇ ವಾರ ಅಣುವನ್ನೇ ಹಾಕದೆ ಬರೀ ಎಟಿಪಿ ಎರಡು ಸಲ ಕೊಟ್ಟು ನೋಡಿದೆ. ಆಗಲೂ ಮಾಯ. ಎದೆ ಧಸಕ್ಕೆಂದಿತು.

ಪಿ2ಎಕ್ಸ್3 ಒಮ್ಮೆ ತೆರೆದರೆ ಕಣ್ಣು ಮಿಟುಕಿಸುವುದರೊಳಗೆ ಮಂಪರಿಗೆ ಜಾರುತ್ತದೆ. ಮತ್ತೆ ಎಚ್ಚರವಾಗಲು ನಿಮಿಷಗಟ್ಟಲೆ ಬೇಕು. ಪರದೆಯ ಮೇಲೆ ಮಂಪರಿನ ಚಾನಲ್ಲೂ ಔಷಧದಿಂದ ಮುಚ್ಚಿದ ಚಾನಲ್ಲೂ ಒಂದೇ ಥರ ಕಾಣುತ್ತವೆ. ಓದಿ ಗೊತ್ತಿದ್ದ ವಿಷಯವೇ, ಆದರೆ ಸಮಯ ಉಳಿಸುವ ಆತುರದಲ್ಲಿ ಮರೆತಿದ್ದೆ. ಅಲ್ಲಿಂದ ಪ್ರತಿ ಸಲ ಐದು ನಿಮಿಷ ಬಿಡುತ್ತೇನೆ. ಬರೀ ಎಟಿಪಿಗೆ ಎರಡು ಸಲ ಒಂದೇ ಎತ್ತರದ ಕರೆಂಟ್ ಬರುವ ತನಕ ಅಣುವನ್ನು ಮುಟ್ಟುವುದಿಲ್ಲ. ಕೋಶಗಳೇ ಸೋರಿಸುವ ಎಟಿಪಿಯೂ ಚಾನಲನ್ನು ಮಂಪರಿನಲ್ಲಿ ಇಡಬಲ್ಲದು. ಹಾಗಾಗಿ ಅದನ್ನು ಒಡೆದುಹಾಕುವ ಅಪೈರೇಸ್ ಎಂಬ ಕಿಣ್ವವನ್ನೂ ಮೊದಲೇ ಹಾಕಿಟ್ಟಿರುತ್ತೇನೆ. ಒಂದು ಕೋಶ ಅರ್ಧ ಗಂಟೆ ನಿಂತರೆ ಐದಾರು ರೀಡಿಂಗ್, ಅಷ್ಟೇ. ಮೊದಲ ಆರು ಕೋಶಗಳ ಲೆಕ್ಕ ಬಿಟ್ಟೆ. ಹೊಸದಾಗಿ ಅಳೆದಾಗ ಅಣು ಕೆಲಸ ಮಾಡುತ್ತಿತ್ತು, ಆದರೆ ನಾನಂದುಕೊಂಡದ್ದರ ಅರ್ಧದಷ್ಟೂ ಅಲ್ಲ.

ಇನ್ನೊಂದು ಪರೀಕ್ಷೆ ಈಗ ತಪ್ಪಿಸುವುದೇ ಇಲ್ಲ. ಪಿ2ಎಕ್ಸ್3 ತಡೆಯುವ ಗೆಫಾಪಿಕ್ಸಂಟ್ ಎಂಬ ಔಷಧವನ್ನು 2022ರಲ್ಲಿ ಜಪಾನ್, 2023ರಲ್ಲಿ ಯುರೋಪ್ ಒಪ್ಪಿದವು. ಅಮೆರಿಕದ ಔಷಧ ನಿಯಂತ್ರಕರು ಒಪ್ಪಲಿಲ್ಲ. ದೊಡ್ಡ ಪರೀಕ್ಷೆಗಳಲ್ಲಿ 45 ಮಿಲಿಗ್ರಾಂ ತಗೊಂಡ ಅರ್ಧಕ್ಕಿಂತ ಜಾಸ್ತಿ ಜನರಿಗೆ ನಾಲಿಗೆಯ ರುಚಿ ಕೆಟ್ಟಿತ್ತು. ಪಿ2ಎಕ್ಸ್2 ಮತ್ತು ಪಿ2ಎಕ್ಸ್3 ಸೇರಿ ಆಗುವ ಜೋಡಿ ಚಾನಲ್ ರುಚಿಯ ನರಗಳಲ್ಲೂ ಇದೆ, ಈ ಔಷಧ ಅದನ್ನೂ ಮುಚ್ಚುತ್ತದೆ. ಇದನ್ನು ಹೇಳಿದಾಗ ದೊಡ್ಡಮ್ಮ, "ಸಾರಿಗೆ ಉಪ್ಪು ಬಿದ್ದಿದ್ಯೋ ಇಲ್ವೋ ಗೊತ್ತಾಗ್ದೆ ಇದ್ರೆ ಹೇಗೆ ಅಡುಗೆ ಮಾಡ್ಲಿ? ಕೆಮ್ಮೇ ಇರ್ಲಿ ಬಿಡು" ಅಂದರು. ಈಗ ಪ್ರತಿ ಅಣುವಿಗೂ ಎರಡು ಡಿಶ್ ಇಡುತ್ತೇನೆ, ಒಂದರಲ್ಲಿ ಪಿ2ಎಕ್ಸ್3 ಮಾತ್ರ ಇರುವ ಒಂಟಿ ಚಾನಲ್, ಇನ್ನೊಂದರಲ್ಲಿ ಜೋಡಿ. ಮೊದಲನೆಯದು ಮುಚ್ಚಿ, ಎರಡನೆಯದರ ಕರೆಂಟ್ ಹಾಗೇ ಉಳಿದರೆ ಮಾತ್ರ ಆ ಅಣುವನ್ನು ಮುಂದಕ್ಕೆ ಒಯ್ಯುತ್ತೇನೆ.