ಒಂದರ ಎಂಜಿನ್, ಇನ್ನೊಂದರ ಗೇರ್‌ಬಾಕ್ಸ್: ನಡುವಿನ ಕ್ಲಚ್ ಕೂರಿಸುವುದು ಹೇಗೆ

ಹಳೇ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಹಾಕುವಾಗ ಎಲ್ಲರ ಕಣ್ಣೂ ಎಂಜಿನ್ ಮೇಲೆಯೇ ಇರುತ್ತದೆ. ಮೌಂಟ್ ವೆಲ್ಡ್ ಆಗಿ, ರೇಡಿಯೇಟರ್ ಕೂತ ಮೇಲೆ ಕ್ಲಚ್ ನೆನಪಾಗುತ್ತದೆ. ಆಗ ತಡವಾಗಿರುತ್ತದೆ. ವೆಲ್ಡಿಂಗ್ ಶುರು ಮಾಡುವ ಮೊದಲೇ ಎಂಜಿನ್, ಬೆಲ್ ಹೌಸಿಂಗ್ (ಎರಡರ ನಡುವೆ ಕ್ಲಚ್ಚನ್ನು ಮುಚ್ಚುವ ಗಂಟೆಯಾಕಾರದ ಚಿಪ್ಪು), ಗೇರ್‌ಬಾಕ್ಸ್ ಮೂರನ್ನೂ ನೆಲದ ಮೇಲೆ ಜೋಡಿಸಿ ಅಳೆದುಕೊಳ್ಳಿ.

ಮೊದಲು ಯಾವ ಭಾಗ ಯಾರ ಕಡೆಯದು ಅಂತ ತಿಳಿದಿರಬೇಕು. ಎಂಜಿನ್ನಿನ ತಿರುಗುವ ಶಾಫ್ಟಾದ ಕ್ರ್ಯಾಂಕಿನ ಹಿಂದೆ ಕೂರುವ ಭಾರದ ಚಕ್ರ ಫ್ಲೈವೀಲ್, ಕ್ಲಚ್ ಪ್ಲೇಟನ್ನು ಅದಕ್ಕೆ ಒತ್ತಿಹಿಡಿಯುವುದು ಪ್ರೆಷರ್ ಪ್ಲೇಟ್; ಇವೆರಡೂ ಎಂಜಿನ್ ಕಡೆಯವು. ಕ್ಲಚ್ ಪ್ಲೇಟಿನ ಹೊರಸುತ್ತು ಪ್ರೆಷರ್ ಪ್ಲೇಟಿಗೆ ಹೊಂದಬೇಕು, ನಡುವಿನ ಹಲ್ಲು ಗೇರ್‌ಬಾಕ್ಸ್ ಶಾಫ್ಟಿಗೆ ಹೊಂದಬೇಕು. ಶಾಫ್ಟಿನ ಹಲ್ಲು ಎಣಿಸಿದರೆ ಸಾಲದು, ದಪ್ಪವನ್ನೂ ವರ್ನಿಯರ್‌ನಲ್ಲಿ ಅಳೆಯಿರಿ. ಆಗುವುದಾದರೆ ಗೇರ್‌ಬಾಕ್ಸಿನ ಹಳೇ ಪ್ಲೇಟನ್ನೇ ಹಿಡಿದುಕೊಂಡು ಅಂಗಡಿಗೆ ಹೋಗಿ. ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆ ಸುತ್ತಿದರೆ ಹೊರ ಅಳತೆಗೂ ಹಲ್ಲಿಗೂ ಸರಿಹೋಗುವ ರೆಡಿ ಪ್ಲೇಟ್ ಸಿಗಬಹುದು. ಸಿಗದಿದ್ದರೆ ಮಾತ್ರ ಒಂದರ ಹಬ್ಬನ್ನು (ಹಲ್ಲಿರುವ ನಡುಭಾಗ) ಇನ್ನೊಂದಕ್ಕೆ ರಿವೆಟ್ ಹೊಡೆಸಿ, ಅದೂ ಇದೇ ಕೆಲಸ ಮಾಡುವವರ ಹತ್ತಿರ.

ಪ್ಲೇಟ್ ತಂದ ಮೇಲೆ ಅದನ್ನು ಫ್ಲೈವೀಲ್ ಮೇಲೆ ಇಟ್ಟು, ಪ್ರೆಷರ್ ಪ್ಲೇಟ್ ಇಲ್ಲದೆ ಕೈಯಲ್ಲಿ ತಿರುಗಿಸಿ. ಸ್ಪ್ರಿಂಗ್ ಇರುವ ಉಬ್ಬು ಸಾಮಾನ್ಯವಾಗಿ ಗೇರ್‌ಬಾಕ್ಸ್ ಕಡೆಗಿರಬೇಕು. ಕಿರ್ ಅಂತ ಶಬ್ದ ಬಂದರೆ ಹಬ್ಬು ಫ್ಲೈವೀಲ್ ಬೋಲ್ಟಿನ ತಲೆಗೆ ಉಜ್ಜುತ್ತಿದೆ. ಬೇರೆ ಗಾಡಿಯ ಪ್ಲೇಟ್ ಹಾಕಿದಾಗ ಇದು ತುಂಬಾ ಸಲ ಆಗುತ್ತದೆ.

ನನ್ನ ಸಲಹೆ, ಎಂಜಿನ್ನಿನ ಬೆಲ್ ಹೌಸಿಂಗ್, ಫ್ಲೈವೀಲ್, ಸ್ಟಾರ್ಟರ್ ಮೂರನ್ನೂ ಒಟ್ಟಿಗೇ ಉಳಿಸಿಕೊಂಡು, ಹೊಂದದ ಎರಡು ಭಾಗಗಳನ್ನು ಜೋಡಿಸುವ ಅಡಾಪ್ಟರ್ ಪ್ಲೇಟನ್ನು ಬೆಲ್ ಹೌಸಿಂಗ್ ಮತ್ತು ಗೇರ್‌ಬಾಕ್ಸ್ ನಡುವೆ ಹಾಕಿ. ಎಂಜಿನ್ ಮತ್ತು ಬೆಲ್ ಹೌಸಿಂಗ್ ನಡುವೆ 16 ಮಿ.ಮೀ. ಪ್ಲೇಟ್ ಹಾಕಿದರೆ, ಬೆಲ್ ಹೌಸಿಂಗಿಗೆ ಕೂರುವ ಸ್ಟಾರ್ಟರ್ ಕೂಡ 16 ಮಿ.ಮೀ. ಹಿಂದೆ ಹೋಗಿ ರಿಂಗ್ ಗೇರಿಗೆ ಸರಿಯಾಗಿ ಕಚ್ಚುವುದಿಲ್ಲ. ಜೀಪಿನ ಮೂರು ಗೇರಿನ ಟಿ-90 ಗೇರ್‌ಬಾಕ್ಸಿನಲ್ಲಿ ಬೆಲ್ ಹೌಸಿಂಗ್ ಬೇರೆಯೇ ತುಂಡು, ಹಾಗಾಗಿ ಅಲ್ಲಿ ಈ ದಾರಿ ಸುಲಭ.

ಇನ್ನು ಉದ್ದದ ವಿಷಯ. ಗೇರ್‌ಬಾಕ್ಸ್ ಶಾಫ್ಟಿನ ಮೂಗು (ಮುಂತುದಿ) ಕ್ರ್ಯಾಂಕಿನ ಹಿಂದಿನ ಗುಂಡಿಯಲ್ಲಿ ಅದನ್ನು ಹಿಡಿಯುವ ಪೈಲಟ್ ಬುಷ್‌ನಲ್ಲಿ, ಬುಷ್‌ನ ಪೂರ್ತಿ ಅಗಲಕ್ಕೆ ಕೂರಬೇಕು, ಆದರೆ ಗುಂಡಿಯ ತಳಕ್ಕೆ ತಾಗಲೇಬಾರದು. ನಾವು ಮೊದಲ ಸಲ ಕೂರಿಸಿದಾಗ ಕೊನೆಗೆ ಗೇರ್‌ಬಾಕ್ಸ್ ಬಂದು ಕೂರುವ ಜಾಗದಲ್ಲಿ ಒಂದು ಮಿ.ಮೀ. ಆಗುವಷ್ಟು ಸಂದು ಉಳಿದಿತ್ತು, ಬೋಲ್ಟ್ ಬಿಗಿದು ಮುಚ್ಚಿಬಿಟ್ಟೆವು. ಎರಡು ತಿಂಗಳಲ್ಲಿ ಕ್ರ್ಯಾಂಕು ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್ ಸವೆದುಹೋಗಿ ಎಂಜಿನ್ ಪೂರ್ತಿ ಬಿಚ್ಚಬೇಕಾಯಿತು. ಈಗ ನಾನು ಮಾಡುವುದು ಹೀಗೆ: ಚಪಾತಿ ಹಿಟ್ಟಿನ ಸಣ್ಣ ಉಂಡೆಯನ್ನು ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕ್ರ್ಯಾಂಕಿನ ಗುಂಡಿಯಲ್ಲಿ ಇಟ್ಟು, ಗೇರ್‌ಬಾಕ್ಸ್ ಪೂರ್ತಿ ಕೂರಿಸಿ, ಮತ್ತೆ ಬಿಚ್ಚಿ, ಒತ್ತಿದ ಜಾಗದಲ್ಲಿ ಹಿಟ್ಟು ಎಷ್ಟು ದಪ್ಪ ಉಳಿದಿದೆ ಅಂತ ಅಳೆಯುತ್ತೇನೆ. 3 ಮಿ.ಮೀ. ಇದ್ದರೆ ನೆಮ್ಮದಿ. ಮೂಗು ಬುಷ್‌ವರೆಗೆ ಮುಟ್ಟದಿದ್ದರೆ ಲೇತ್‌ನಲ್ಲಿ ಉದ್ದನೆಯ ಬುಷ್ ಮಾಡಿಸಬೇಕು. ಗೇರ್‌ಬಾಕ್ಸ್ ಕೈಯಲ್ಲಿ ಆಡಿಸಿದರೇ ಕೂರಬೇಕು. ಕೂರಲಿಲ್ಲವೋ, ಬೋಲ್ಟ್ ಮುಟ್ಟಬೇಡಿ, ಕಾರಣ ಹುಡುಕಿ. ಗೇರ್‌ಬಾಕ್ಸಿನ ಭಾರ ಕ್ಲಚ್ ಪ್ಲೇಟಿನ ಮೇಲೆ ನೇತಾಡಲು ಬಿಟ್ಟರೆ ಹಬ್ಬು ಸೊಟ್ಟಗಾಗುತ್ತದೆ.

ಕ್ರ್ಯಾಂಕೂ ಗೇರ್‌ಬಾಕ್ಸ್ ಶಾಫ್ಟೂ ಒಂದೇ ಗೆರೆಗೆ ಬರುವಂತೆ ನಡುಮಧ್ಯ ಹಿಡಿಯುವ ಕೆಲಸವನ್ನು ಕಣ್ಣಂದಾಜಿನಲ್ಲಿ ಮಾಡಬೇಡಿ. ಡಯಲ್ ಗೇಜನ್ನು (ಕೂದಲೆಳೆ ಸರಿದಾಟವನ್ನೂ ತೋರಿಸುವ ಗಡಿಯಾರದಂಥ ಅಳತೆಯ ಸಾಧನ) ಫ್ಲೈವೀಲ್‌ಗೆ ಅಂಟಿಸಿ, ಮುಳ್ಳನ್ನು ಅಡಾಪ್ಟರಿನಲ್ಲಿ ಗೇರ್‌ಬಾಕ್ಸ್ ಕೂರುವ ದುಂಡು ತೂತಿನ ಒಳ ಅಂಚಿಗೆ ತಾಗಿಸಿ ಎಂಜಿನ್ನನ್ನು ಒಂದು ಸುತ್ತು ನಿಧಾನಕ್ಕೆ ತಿರುಗಿಸಿ. ಮುಳ್ಳಿನ ಒಟ್ಟು ಓಟ 0.13 ಮಿ.ಮೀ. ಒಳಗಿರಲಿ. ಓಟ 0.40 ತೋರಿಸಿದರೆ ಮಧ್ಯ ತಪ್ಪಿರುವುದು ಅದರ ಅರ್ಧ, 0.20. ಸರಿಯಾದ ಮೇಲೆ ಡೋವೆಲ್ ಪಿನ್ ತೂತು ಕೊರೆಸಿ. ಬೋಲ್ಟ್ ಇರುವುದು ಬಿಗಿ ಹಿಡಿಯಲು, ಜಾಗ ಹಿಡಿಯುವುದು ಪಿನ್ನೇ. ಇದನ್ನು ಬಿಟ್ಟವರ ಗಾಡಿಯಲ್ಲೇ ಪೈಲಟ್ ಬುಷ್ ಪದೇ ಪದೇ ಹೋಗುವುದು, ಗೇರ್ ತಾನಾಗಿ ಜಾರುವುದು.

ಪೆಡಲ್ ಒತ್ತಿದಾಗ ಪ್ರೆಷರ್ ಪ್ಲೇಟಿನ ಬೆರಳುಗಳನ್ನು (ನಡುವಿಗೆ ಚಾಚಿದ ಪಟ್ಟಿಗಳು) ಒತ್ತಿ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಆ ಬೆರಳಿಗೆ ಹೊಂದಬೇಕು. ಬೆರಳಿನ ತುದಿ ಚಪ್ಪಟೆ ಇದ್ದರೆ ಬೇರಿಂಗ್ ಮುಖ ಉಬ್ಬಿರಬೇಕು, ತುದಿ ಬಾಗಿದ್ದರೆ ಮುಖ ಚಪ್ಪಟೆ ಇರಬೇಕು.

ಪೆಡಲ್ ಒತ್ತಡವನ್ನು ದ್ರವದ ಮೂಲಕ ಸಾಗಿಸುವ ಹೈಡ್ರಾಲಿಕ್ ಕ್ಲಚ್ ಆದರೆ ಲೆಕ್ಕ ಸುಲಭ. ಪೆಡಲ್ ಕಡೆಯ ಮೇಲಿನ ಸಿಲಿಂಡರ್ 19 ಮಿ.ಮೀ. ಬೋರ್ (ಒಳ ಅಗಲ), ಅದರ ಓಟ (ಪಿಸ್ಟನ್ ಸರಿಯುವ ದೂರ) 30 ಮಿ.ಮೀ. ಅಂದುಕೊಳ್ಳಿ. ಕೆಳಗೆ ಗೇರ್‌ಬಾಕ್ಸ್ ಕಡೆಯ ಸಿಲಿಂಡರಿಗೆ 22ರ ಬೋರ್ ಇದ್ದರೆ ಓಟ 22.4 ಮಿ.ಮೀ. ಸಿಗುತ್ತದೆ, 25ರದ್ದು ಹಾಕಿದರೆ ಬರೀ 17.3. 25ರದ್ದರಲ್ಲಿ ಪೆಡಲ್ ಹಗುರ ಅನಿಸುತ್ತದೆ, ಆದರೆ ಕ್ಲಚ್ ಪೂರ್ತಿ ಬಿಡದೆ ಗೇರ್ ಕರ್ರ್ ಅನ್ನಬಹುದು. ಹಾಗಂತ ಸುಮ್ನೆ ಓಟ ಜಾಸ್ತಿ ಕೊಟ್ಟರೆ ಬೆರಳು ಬಾಗಿ ಹಾಳಾಗುತ್ತವೆ.

ಕಾಗದದ ಕೆಲಸವನ್ನೂ ಮೊದಲೇ ಮುಗಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇಂಥ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು. ಆರ್‌ಸಿಯಲ್ಲಿ ಎಂಜಿನ್ ನಂಬರೂ ಬದಲಾಗಬೇಕು ಅಲ್ವಾ?

ಸ್ಟಾರ್ಟ್ ಮಾಡುವ ಮೊದಲು ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಮುಂದಿನ ಕ್ರ್ಯಾಂಕ್ ಪುಲ್ಲಿಗೆ ಡಯಲ್ ಗೇಜ್ ಹಿಡಿದು ಅದು ಎಷ್ಟು ಮುಂದೆ ಬರುತ್ತದೆ ಅಂತ ನೋಡಿ ಬರೆದಿಟ್ಟುಕೊಳ್ಳಲಿ. ಆಮೇಲೆ ನಾಲ್ಕೂ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟು ಸ್ಟಾರ್ಟ್ ಮಾಡಿ, ಪೆಡಲ್ ಒತ್ತಿ ಮೂರು ಎಣಿಸಿ ರಿವರ್ಸ್ ಹಾಕಿ. ಶಬ್ದವಿಲ್ಲದೆ ಬೀಳಬೇಕು. 500 ಕಿ.ಮೀ. ಮೆತ್ತಗೆ ಓಡಿಸಿ ಪುಲ್ಲಿಯ ಅಳತೆ ಮತ್ತೆ ತೆಗೆಯಿರಿ. ಮೊದಲಿಗಿಂತ ಜಾಸ್ತಿಯಾಗಿದ್ದರೆ ಅವತ್ತೇ ಗೇರ್‌ಬಾಕ್ಸ್ ಇಳಿಸಿ, ಶಾಫ್ಟಿನ ಮೂಗು ನೋಡಿ.